ಇಪ್ಪತ್ತನೆಯ ಗಂಟು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪುರಾಧ್ಯಕ್ಷ ಮಿಯಾಶಿತಾ ಅವರೇ, ಟೀವಿ ಕೇಂದ್ರದಿಂದ ಬಂದಿರುವ ನಿರ್ದೇಶಕ ನಾನ್ಜೋ ಅವರೇ, ಮಹಿಳಾ ಸಂಘದ ಸೋದರಿಯರೇ, ಮೊದಲ ಸಾಲಿನಲ್ಲಿ ನನ್ನೆದುರಿಗೇ ಕುಳಿತಿರುವ ಸೆಕಿ ದೊಡ್ಡಮ್ಮನವರೇ, ಹೊರಗೆ ಹಿಮ ಬೀಳುತ್ತಿದ್ದರೂ ಬೆಚ್ಚಗಿನ ಹಾಸಿಗೆ ಬಿಟ್ಟು ಬಂದಿರುವ ಕಮಿನೊಸಾವಾದ ಸಭಿಕರೇ, ನಿಮಗೆಲ್ಲ ವಂದಿಸುತ್ತೇನೆ.

ನನ್ನ ಹೆಸರು ಶಿಮೊಜೊ ಕಿನು. ಹಾಗೆಂದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಯಾರೆಂದು ಹೊಳೆಯಲಿಕ್ಕಿಲ್ಲ. ಹುಲಿ ಕಿನು ಎಂದರೆ ಹಿಂದಿನ ಸಾಲಿನ ಮಗುವಿಗೂ ಗೊತ್ತು. ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಮಾತು ಮುಗಿಸಿ ಕುಳಿತ ಕೂಡಲೇ ದೀಪ ಆರಿಸಿ, ನಾಳೆ ಸಂಜೆ ದೇಶವೆಲ್ಲ ನೋಡಲಿರುವ ಟೀವಿ ನಾಟಕವನ್ನು ಈ ದೊಡ್ಡ ಪರದೆಯ ಮೇಲೆ ಮೊದಲು ನಮಗೆ ತೋರಿಸುತ್ತಾರೆ. ನಮ್ಮ ಊರಿನ ಕಥೆ, ನಮ್ಮ ಊರಿನಲ್ಲೇ ತೆಗೆದದ್ದು. ಸೈನ್ಯ ಬಿಟ್ಟು ಓಡಿಬಂದ ನಮ್ಮೂರ ಹುಡುಗನೊಬ್ಬನ ಕಥೆ. ನೀವೆಲ್ಲ ಅದಕ್ಕೆ ಕಾಯುತ್ತಿದ್ದೀರಿ, ನನ್ನ ಮಾತಿಗಲ್ಲ. ಅದು ನನಗೆ ಗೊತ್ತಿಲ್ಲವೇ?

ಮೊದಲಿಗೆ ಸನ್ಮಾನಕ್ಕೆ ಕೃತಜ್ಞತೆ ಹೇಳಬೇಕು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹುಲಿ ವರ್ಷದಲ್ಲಿ ಹುಟ್ಟಿದ ನನಗೆ ಈ ಹುಲಿ ವರ್ಷದಲ್ಲಿ ಅರವತ್ತು ತುಂಬಿತೆಂದು ವಾಡಿಕೆಯಂತೆ ಕೆಂಪು ಅಂಗಿ ತೊಡಿಸಿದ್ದೀರಿ. ಕನ್ನಡಿಯಲ್ಲಿ ನೋಡಿಕೊಂಡೆ, ಹೊಸ ವರ್ಷದ ಅಂಗಡಿಯಲ್ಲಿ ತೂಗುಹಾಕುವ ಬೊಂಬೆಯ ಹಾಗೆ ಕಂಡೆ. ಜೊತೆಗೆ ನಾನ್ಜೋ ಅವರು ಗಾಜಿನ ಚೌಕಟ್ಟು ಹಾಕಿಸಿ ಈ ನಡುಪಟ್ಟಿಯನ್ನು ನನಗೇ ಹಿಂದಿರುಗಿಸಿದ್ದಾರೆ. ಇದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕು.

ನಾಟಕಕ್ಕೆ ನಾನು ಮಾಡಿದ ಸಹಾಯ ದೊಡ್ಡದೇನಲ್ಲ. ಪಟ್ಟಣದಿಂದ ಬಂದ ನಟಿಯರಿಗೆ ಸಾವಿರ ಗಂಟಿನ ಪಟ್ಟಿ ಹೊಲಿಯುವುದನ್ನು ಹೇಳಿಕೊಟ್ಟೆ. ಈಗಿನ ಮಕ್ಕಳು ಅದನ್ನು ನೋಡಿರಲಾರರು. ಯುದ್ಧಕ್ಕೆ ಹೊರಟವನ ಹೊಟ್ಟೆಗೆ ಸುತ್ತಲು ಒಂದು ಬಿಳಿ ಬಟ್ಟೆ. ಅದರ ಮೇಲೆ ಸಾವಿರ ಹೆಂಗಸರು ಕೆಂಪು ದಾರದಲ್ಲಿ ಒಂದೊಂದು ಗಂಟು ಹಾಕಬೇಕು. ಅವನ ತಾಯಿ ಬಟ್ಟೆ ಹಿಡಿದು ಬೀದಿಬೀದಿಯಲ್ಲಿ, ರೈಲು ನಿಲ್ದಾಣದಲ್ಲಿ ನಿಂತು, ಹೋಗಿ ಬರುವ ಹೆಂಗಸರನ್ನೆಲ್ಲ ತಡೆದು ಬೇಡುತ್ತಿದ್ದಳು. ಒಬ್ಬೊಬ್ಬರಿಗೆ ಒಂದೇ ಗಂಟು. ಹುಲಿ ವರ್ಷದವಳು ಮಾತ್ರ ತನಗೆಷ್ಟು ವರ್ಷವೋ ಅಷ್ಟು ಗಂಟು ಹಾಕಬಹುದು. ಯಾಕೆ? ಹುಲಿ ಸಾವಿರ ಹರಿದಾರಿ ದೂರ ಹೋದರೂ ತಿರುಗಿ ಗುಹೆಗೆ ಬರುತ್ತದಂತೆ. ಅದೇ ಹುಲಿಯ ಕಾರಣಕ್ಕೆ ಹುಲಿ ವರ್ಷದ ಹೆಣ್ಣನ್ನು ಯಾರೂ ಮದುವೆಯಾಗುತ್ತಿರಲಿಲ್ಲ. ಅವಳೂ ಗಂಡನ ಮನೆಯಿಂದ ತಿರುಗಿ ಬರುತ್ತಾಳಂತೆ. ನನಗೆ ಎರಡು ಸಂಬಂಧ ಹಾಗೇ ತಪ್ಪಿದವು. ಒಬ್ಬನ ಮೂಗು ನೋಡಿದ್ದೆ, ತಪ್ಪಿದ್ದೇ ಒಳ್ಳೆಯದಾಯಿತು.

ನಗುತ್ತಿದ್ದೀರಿ. ನಗಿ. ನೀವು ನಗುವಾಗ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಯುದ್ಧದ ಆ ವರ್ಷಗಳಲ್ಲಿ ನಮ್ಮೂರಿನಲ್ಲಿ ಹುಲಿ ವರ್ಷದ ಹುಡುಗಿ ಎಂದರೆ ನಾನೊಬ್ಬಳೇ. ನನ್ನ ಮನೆಯ ಮುಂದೆ ತಾಯಂದಿರ ಸಾಲು ನಿಲ್ಲುತ್ತಿತ್ತು. ಹದಿನೈದು ಗಂಟು, ಹದಿನಾರು ಗಂಟು, ಹದಿನೇಳು ಗಂಟು. ಬೆರಳು ತೂತು ಬೀಳುತ್ತಿತ್ತು. "ಕಿನು, ಬಿಗಿಯಾಗಿ ಹಾಕು ತಾಯಿ, ನನಗಿರೋದು ಒಬ್ಬನೇ" ಎನ್ನುತ್ತಿದ್ದರು. ಒಣಗಿಸಿದ ಪರ್ಸಿಮನ್ ಹಣ್ಣು ತಂದು ಅಮ್ಮನ ಕೈಗಿಡುತ್ತಿದ್ದರು. ನಾನು ಹೊಲಿದ ಪಟ್ಟಿ ಸುತ್ತಿಕೊಂಡು ಹೋದವರಲ್ಲಿ ಹದಿನೇಳು ಜನರ ಹೆಸರು ದೇಗುಲದಲ್ಲಿ ಯುದ್ಧದಲ್ಲಿ ಸತ್ತವರಿಗಾಗಿ ನಿಲ್ಲಿಸಿದ ಕಲ್ಲಿನ ಮೇಲಿದೆ. ನೀವು ಅಲ್ಲಿ ಹೂವಿಡುವಾಗ ನನ್ನ ಕಡೆ ನೋಡುವುದಿಲ್ಲ. ನಾನು ಮಾತ್ರ ನೀವು ನೋಡುತ್ತೀರೇನೋ ಎಂದು ತಲೆ ತಗ್ಗಿಸಿಯೇ ನಿಂತಿರುತ್ತೇನೆ. ಏಕೆ ಗೊತ್ತೇ?

ಸಭಿಕರೇ, ನಾನು ಹುಲಿ ವರ್ಷದವಳಲ್ಲ.

ಹೌದು, ಸರಿಯಾಗಿಯೇ ಕೇಳಿಸಿಕೊಂಡಿರಿ. ನಾನು ಹುಟ್ಟಿದ್ದು ಅದರ ಹಿಂದಿನ ಎತ್ತಿನ ವರ್ಷದಲ್ಲಿ, ಡಿಸೆಂಬರ್ ಇಪ್ಪತ್ತೇಳರಂದು. ಹುಟ್ಟಿದಾಗ ಒಂದು ವರ್ಷ, ಹೊಸ ವರ್ಷ ಬಂದರೆ ಇನ್ನೊಂದು ವರ್ಷ, ಹೀಗೆ ಎಣಿಸುತ್ತಿದ್ದ ಕಾಲ. ಹುಟ್ಟಿದ ಐದೇ ದಿನಕ್ಕೆ ಮಗುವಿಗೆ ಎರಡು ವರ್ಷವಾಗುವುದು ಬೇಡವೆಂದು ಅಪ್ಪ ಪಂಚಾಯಿತಿ ಕಚೇರಿಯಲ್ಲಿ ಜನವರಿ ಎರಡು ಎಂದು ಬರೆಸಿ ಬಂದರು. ಆಗ ಎಷ್ಟೋ ಅಪ್ಪಂದಿರು ಹಾಗೆ ಮಾಡುತ್ತಿದ್ದರು. ಬರೆಸಿದ ಮೇಲೆ ಅಜ್ಜಿಗೆ ನೆನಪಾಯಿತಂತೆ. "ಅಯ್ಯೋ ಮಂಕೇ, ಅದು ಹುಲಿ ವರ್ಷ ಕಣೋ! ಇವಳನ್ನ ಯಾರು ತಗೋತಾರೋ?" ಎಂದು ಸೌಟು ಹಿಡಿದು ಅಪ್ಪನನ್ನು ಅಂಗಳದ ತುಂಬ ಓಡಿಸಿದ್ದರಂತೆ. ಮನೆಯಲ್ಲಿ ಅದು ತಮಾಷೆಯ ಕಥೆಯಾಗಿತ್ತು, ಮೊದಲ ತಾಯಿ ಬಟ್ಟೆ ಹಿಡಿದು ಬಾಗಿಲಿಗೆ ಬರುವವರೆಗೆ. ಆ ದಿನ ಅಪ್ಪ ನನ್ನನ್ನು ಒಳಗೆ ಕರೆದು ಹೇಳಿದರು: "ನೋಡು ಮಗಳೇ, ಸುಳ್ಳು ಬರೆಸಿದ್ದು ಗೊತ್ತಾದ್ರೆ ನನ್ನನ್ನ ಒಳಗೆ ಹಾಕ್ತಾರೆ. ಸುಮ್ನೆ ಹೊಲಿ."

ಸುಮ್ಮನೆ ಹೊಲಿದೆ. ಯಾರಾದರೂ ಸತ್ತ ಸುದ್ದಿ ಬಂದಾಗಲೆಲ್ಲ ಅವನಿಗೆ ಹಾಕಿಕೊಟ್ಟ ಗಂಟು ಎಷ್ಟೆಂದು ಎಣಿಸುತ್ತ ಕೂರುತ್ತಿದ್ದೆ. ನಂಬಿಕೆ ಸುಳ್ಳು, ಗಂಟಿನಿಂದ ಗುಂಡು ನಿಲ್ಲುವುದಿಲ್ಲ ಎಂದು ನೀವು ಹೇಳಬಹುದು. ನಾನೂ ನೂರು ಸಲ ಹೇಳಿಕೊಂಡಿದ್ದೇನೆ. ಆದರೆ ಆ ತಾಯಂದಿರು ನಂಬಿದ್ದರಲ್ಲ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷವಾಯಿತಂತೆ. ಮಿಯಾಶಿತಾ ಅವರೇ, ಚಿಕ್ಕವರಿದ್ದಾಗ ನಿಮ್ಮ ಮೂಗು ಒರೆಸಿದವಳು ನಾನು. ಆ ಸಲಿಗೆಯಿಂದ ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ.

ಇನ್ನು ತಮೋತ್ಸು. ನಾಟಕದಲ್ಲಿ ಅವನಿಗೆ ಬೇರೆ ಹೆಸರಿಟ್ಟಿದ್ದಾರೆ, ಎತ್ತರದ ಚೆಲುವ ನಟನನ್ನು ಹಾಕಿದ್ದಾರೆ. ನಮ್ಮ ತಮೋತ್ಸು ಎತ್ತರವೂ ಇರಲಿಲ್ಲ, ಚೆಲುವನೂ ಅಲ್ಲ. ಕಿವಿ ಎರಡೂ ಮುಂದಕ್ಕೆ ಬಾಗಿದ್ದವು. ಸೆಕಿ ದೊಡ್ಡಮ್ಮನ ಒಬ್ಬನೇ ಮಗ, ನಮ್ಮ ಬೇಲಿಯ ಆಚೆಯ ಮನೆಯವನು. ಸಾವಿರದ ಒಂಬೈನೂರ ನಲವತ್ತನಾಲ್ಕರ ವಸಂತದಲ್ಲಿ ಅವನಿಗೆ ಕರೆ ಬಂತು. ನಾನು ಹತ್ತೊಂಬತ್ತು ಗಂಟು ಹಾಕಿದೆ. ಹೊರಡುವ ದಿನ ಬೇಲಿಯ ಮೇಲಿಂದ ತಲೆ ತೂರಿಸಿ ಕೇಳಿದ: "ಹುಲಿಯಮ್ಮ, ನನ್ನ ವಾಪಸ್ ಕರ್ಕೊಂಡು ಬರ್ತೀಯ ತಾನೆ?" ನಾನು ಹೇಳಿದೆ: "ಬರ್ತೀಯ ಹೋಗೋ, ಆ ಕಿವಿ ನೋಡಿದ್ರೆ ವೈರಿನೇ ಹಿಂದಕ್ಕೆ ಕಳಿಸ್ತಾನೆ." ಅವನು ನಕ್ಕ. ದೊಡ್ಡಮ್ಮನೂ ನಕ್ಕರು. ದೊಡ್ಡಮ್ಮ ನಕ್ಕಿದ್ದನ್ನು ನಾನು ಮತ್ತೆ ನೋಡಿಲ್ಲ.

ಮುಂದಿನ ವರ್ಷ ಮಾರ್ಚ್ ತಿಂಗಳಲ್ಲಿ ಅವನ ತುಕಡಿಯನ್ನು ಹಡಗು ಹತ್ತಿಸಲು ಬಂದರಿನ ಕಡೆ ಸಾಗಿಸುತ್ತಿದ್ದರು. ರೈಲು ಎಲ್ಲೋ ನಿಂತಾಗ ಅವನು ಇಳಿದ. ನಾಲ್ಕು ದಿನ ಹಿಮದಲ್ಲಿ ನಡೆದು ಮನೆಗೆ ಬಂದ. ತಾಯಿ ಅವನನ್ನು ರೇಷ್ಮೆಹುಳು ಸಾಕುವ ಅಟ್ಟದಲ್ಲಿ ಬಚ್ಚಿಟ್ಟರು. ಚಳಿಗಾಲದಲ್ಲಿ ಅಟ್ಟ ಖಾಲಿ, ಯಾರೂ ಹತ್ತುವುದಿಲ್ಲ. ಹುಳು ಸಾಕಣೆ ಶುರುವಾಗುವ ಮೇ ತಿಂಗಳವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಗಸ್ಟಿನಲ್ಲಿ ಯುದ್ಧವೇ ಮುಗಿಯಿತು. ಇದನ್ನೆಲ್ಲ ನಾಟಕದಲ್ಲಿ ಚೆನ್ನಾಗಿ ತೋರಿಸಿದ್ದಾರೆ.

ಆದರೆ ನಾಟಕದಲ್ಲಿಲ್ಲದ ಒಂದು ಸಂಗತಿಯಿದೆ. ಹೊಸ ವರ್ಷ ಕಳೆದಿತ್ತಲ್ಲ, ನನಗೆ ಇಪ್ಪತ್ತಾಗಿತ್ತು. ಹುಲಿ ಹುಡುಗಿ ಈಗ ಇನ್ನೊಂದು ಗಂಟು ಹಾಕಬಹುದು. ಮಗ ಮನೆ ಮುಟ್ಟಿದ್ದೇ ಆ ಹತ್ತೊಂಬತ್ತು ಗಂಟಿನಿಂದ ಎಂದು ದೊಡ್ಡಮ್ಮ ನಂಬಿದ್ದರು. ಇಪ್ಪತ್ತನೆಯದು ಬಿದ್ದರೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಾನೆ ಎಂದುಕೊಂಡರು. ಅವನು ಹೊರಗೆ ಬಂದು ಸಿಕ್ಕಿಬಿದ್ದದ್ದಲ್ಲ. ಕೆಮ್ಮಿ ಸಿಕ್ಕಿಬಿದ್ದದ್ದೂ ಅಲ್ಲ. ಅವನ ತಾಯಿ ಆ ಪಟ್ಟಿಯನ್ನು ಮೇಲಂಗಿಯಡಿ ಮುಚ್ಚಿಕೊಂಡು ಬೆಳಗಿನ ಹತ್ತು ಗಂಟೆಗೆ ನನ್ನ ಜಗಲಿಗೆ ತಂದರು.

"ಕಿನು, ಒಂದೇ ಒಂದು ಗಂಟು ಹಾಕಿಕೊಡೇ" ಎಂದರು.

ಪಟ್ಟಿ ಬೆವರಿಗೆ ಹಳದಿಯಾಗಿತ್ತು. ಒಳಮಗ್ಗುಲಲ್ಲಿ ಅವರದೇ ಕೈಬರಹದಲ್ಲಿ ಮಗನ ಹೆಸರು. ಯುದ್ಧಕ್ಕೆ ಹೋದವನ ಹೊಟ್ಟೆಯ ಮೇಲಿರಬೇಕಾದ ಪಟ್ಟಿ ನನ್ನ ತೊಡೆಯ ಮೇಲೆ ಬಿದ್ದಿದೆ! ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ" ಎಂದಷ್ಟೇ ಹೇಳಿ ಹೋದರು. ನನ್ನನ್ನು ಅಷ್ಟು ನಂಬಿದ್ದರು.

ಆಗಲಾದರೂ ನಾನು ಬೇಲಿ ಹಾರಿ ಹೋಗಿ, ನಾನು ಹುಲಿಯಲ್ಲ ದೊಡ್ಡಮ್ಮ, ಇದನ್ನು ಒಲೆಗೆ ಹಾಕಿ, ಮಗನನ್ನು ಬೆಟ್ಟದಾಚೆ ಕಳಿಸಿ ಎಂದು ಹೇಳಬಹುದಿತ್ತು. ಹೇಳಿದೆನೇ? ಇಲ್ಲ. ಸೂಜಿಗೆ ದಾರ ಪೋಣಿಸುತ್ತ ಕುಳಿತೆ. ದಾರ ಹೋಗಲೇ ಇಲ್ಲ.

ಆ ಹೊತ್ತಿಗೆ ಊರಿನ ಪೋಲೀಸಿನವನು ಬಂದ. ಕೆಟ್ಟವನಲ್ಲ, ಸುಸ್ತಾಗಿದ್ದ ಮನುಷ್ಯ. ಕಾರ್ಖಾನೆ ಕೆಲಸಕ್ಕೆ ಹುಡುಗಿಯರನ್ನು ಕಳಿಸಲು ಮನೆಮನೆಯ ಹೆಸರಿನ ಯಾದಿ ತಾಳೆ ನೋಡುತ್ತಿದ್ದ. ಜಗಲಿಯ ತುದಿಯಲ್ಲಿ ಕುಳಿತು ಬಾರ್ಲಿ ಕಷಾಯ ಕುಡಿದ. ಕಾಗದ ತಿರುವಿ ಓದಿದ: "ಶಿಮೊಜೊ ಕಿನು. ಜನವರಿ ಎರಡು. ಅಲ್ವಾ?"

ಸಭಿಕರೇ, ಅವನು ಎಲ್ಲರನ್ನೂ ಹಾಗೇ ಕೇಳುತ್ತಿದ್ದನಂತೆ. ಆಮೇಲೆ ತಿಳಿಯಿತು. ಆ ಕ್ಷಣ ನನಗೆ ಮಾತ್ರ ಎಲ್ಲ ಗೊತ್ತಾಗಿ ಹೋಗಿದೆ ಅನ್ನಿಸಿತು. ಅಪ್ಪನನ್ನು ಎಳೆದುಕೊಂಡು ಹೋಗುತ್ತಾರೆ, ಹದಿನೇಳು ಮನೆಯ ತಾಯಂದಿರು ಬಂದು ನನ್ನ ಕೂದಲು ಹಿಡಿಯುತ್ತಾರೆ ಅನ್ನಿಸಿತು. ನಾನು ಉತ್ತರ ಕೊಡಲಿಲ್ಲ. ಅವನು ತಲೆಯೆತ್ತಿ ನನ್ನನ್ನು ನೋಡಿದ, ಆಮೇಲೆ ನನ್ನ ತೊಡೆಯ ಮೇಲಿದ್ದುದನ್ನು ನೋಡಿದ.

"ಯಾರದಮ್ಮ ಅದು? ಹಳೇದಿದ್ದ ಹಾಗಿದೆ."

ಹುಟ್ಟಿದ ದಿನದ ಮಾತು ಬಿಟ್ಟನಲ್ಲ ಎಂದು ನನಗೆ ಎಷ್ಟು ಹಾಯೆನಿಸಿತು ಎಂದರೆ, ನಾನು ಹೇಳಿಬಿಟ್ಟೆ.

"ತಮೋತ್ಸುದು."

ಅಷ್ಟೇ. ಒಂದು ಹೆಸರು. ನಾನು ಪೋಲೀಸ್ ಠಾಣೆಗೆ ನಡೆದು ಹೋಗಲಿಲ್ಲ, ಅರ್ಜಿ ಬರೆಯಲಿಲ್ಲ, ಯಾರ ಮೇಲೂ ನನಗೆ ಹಗೆಯಿರಲಿಲ್ಲ. ನನ್ನ ಹೆದರಿಕೆಯನ್ನು ಪಕ್ಕದ ಮನೆಯ ಹುಡುಗನ ತಲೆಗೆ ಕಟ್ಟಿ ಕೈ ತೊಳೆದುಕೊಂಡೆ. ಪೋಲೀಸಿನವನು ಲೋಟ ಕೆಳಗಿಟ್ಟ. ಪಟ್ಟಿಯನ್ನು ತೆಗೆದುಕೊಳ್ಳಲು ಕೂಡ ಮರೆತು ಓಡಿದ. ಮಧ್ಯಾಹ್ನದೊಳಗೆ ಸೇನೆಯ ಪೋಲೀಸರು ಬಂದರು. ತಮೋತ್ಸುವನ್ನು ಕೈಕಟ್ಟಿ ನಮ್ಮ ಬೇಲಿಯ ಮುಂದೆಯೇ ಕರೆದೊಯ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅವನು ನನ್ನನ್ನು ಕಂಡು ನಕ್ಕ. "ಹುಲಿಯಮ್ಮ, ಬಂದಿದ್ದೆ ನೋಡೇ!" ಎಂದ.

ಅವನಿಗೆ ಗೊತ್ತಿರಲಿಲ್ಲ. ನನಗೆ ಕೃತಜ್ಞತೆ ಹೇಳಿ ಹೋದ.

ಸೇನಾ ನ್ಯಾಯಾಲಯ ಆರು ವರ್ಷ ಕೊಟ್ಟಿತು. ಅವನು ಆರು ತಿಂಗಳೂ ಉಳಿಯಲಿಲ್ಲ. ಜುಲೈಯಲ್ಲಿ ಸೇನೆಯ ಸೆರೆಮನೆಯಲ್ಲಿ ಸತ್ತ. ಹೊಟ್ಟೆಗಿಲ್ಲದೆ ಸತ್ತನೆಂದು ಜೊತೆಯಲ್ಲಿದ್ದವನೊಬ್ಬ ಆಮೇಲೆ ಬಂದು ಹೇಳಿದ. ದೇಗುಲದ ಕಲ್ಲಿನ ಮೇಲೆ ಅವನ ಹೆಸರಿಲ್ಲ.

ಹಿಡಿದುಕೊಂಡು ಹೋದ ದಿನ ಸೇನೆಯ ಅಧಿಕಾರಿ ಊರವರನ್ನು ಸೇರಿಸಿ, "ಈ ಊರಿನ ಒಬ್ಬ ಹೆಂಗಸು ದೇಶದ ಮಾನ ಉಳಿಸಿದ್ದಾಳೆ" ಎಂದು ಹೊಗಳಿದ. ಹೆಸರು ಹೇಳಲಿಲ್ಲ. ಯಾವ ಹೆಂಗಸು? ಅಟ್ಟದಲ್ಲಿ ಮಗನಿದ್ದದ್ದು ತಾಯಿಗಲ್ಲದೆ ಇನ್ಯಾರಿಗೆ ಗೊತ್ತು? ಯುದ್ಧ ಮುಗಿಯುವವರೆಗೆ ನೀವೆಲ್ಲ ಅವರಿಗೆ ತಲೆಬಾಗಿದಿರಿ. ಮುಗಿದ ಮೇಲೆ ಅವರ ನೆರಳು ಕಂಡರೆ ದೂರ ಸರಿದಿರಿ. ಮಕ್ಕಳು ಅವರ ಹಿಂದೆ "ಮಗನ್ನ ತಿಂದ ಮುದುಕಿ" ಎಂದು ಕೂಗುತ್ತ ಓಡುತ್ತಿದ್ದರು. ಆ ಮಕ್ಕಳಲ್ಲಿ ಕೆಲವರು ಈಗ ಕನ್ನಡಕ ಹಾಕಿಕೊಂಡು ಇಲ್ಲೇ ಕುಳಿತಿದ್ದೀರಿ. ಒಬ್ಬರು ವೇದಿಕೆಯ ಮೇಲೂ ಇದ್ದೀರಿ. ನಾನು ನಿಮ್ಮನ್ನು ಬೈಯುತ್ತಿಲ್ಲ. ನೀವು ಕೂಗುವಾಗ ಬೇಲಿಯ ಈಚೆ ನಿಂತು ಕೇಳುತ್ತಿದ್ದೆನಲ್ಲ, ನನ್ನನ್ನು ಬೈದುಕೊಳ್ಳುತ್ತಿದ್ದೇನೆ.

ಪ್ರತಿ ಹೊಸ ವರ್ಷದ ದಿನ ದೊಡ್ಡಮ್ಮ ಬೇಲಿಯ ಹತ್ತಿರ ಬಂದು ನಿಲ್ಲುತ್ತಾರೆ. ಒಂದೇ ಪ್ರಶ್ನೆ ಕೇಳುತ್ತಾರೆ. "ಕಿನು, ಆ ಗಂಟು ಹಾಕಿದೆಯೇನೇ?" ನಾನು "ಹಾಕ್ತೀನಿ ದೊಡ್ಡಮ್ಮ" ಎನ್ನುತ್ತೇನೆ. ನಲವತ್ತೊಂದು ವರ್ಷದಿಂದ ಇದೇ. ಅವರಿಗೆ ಬುದ್ಧಿ ಸ್ಥಿಮಿತವಿಲ್ಲ ಎಂದು ನೀವು ಹೇಳುತ್ತೀರಿ. ಅವರಿಗೆ ಎಲ್ಲ ಗೊತ್ತಿದೆಯೋ, ಏನೂ ಗೊತ್ತಿಲ್ಲವೋ? ಗೊತ್ತಿದ್ದೂ ಕೇಳುತ್ತಾರೋ? ನನಗೆ ಇಂದಿಗೂ ತಿಳಿಯದು. ಡಿಸೆಂಬರ್ ಬಂತೆಂದರೆ ನನಗೆ ಅನ್ನ ಸೇರುವುದಿಲ್ಲ.

ಹೋದ ವರ್ಷ ನಾನ್ಜೋ ಅವರು ಬಂದು ಊರಿನಲ್ಲಿ ವಿಚಾರಿಸಿದರು. ಹಿಡಿದುಕೊಟ್ಟವರು ಯಾರು ಎಂದು ಕೇಳಿದರು. ತಾಯಿಯೇ ಎಂದು ಎಲ್ಲರೂ ಹೇಳಿದಿರಿ. ನಾನೂ ಅಲ್ಲಿದ್ದೆ, ಚಹಾ ಬಗ್ಗಿಸುತ್ತಿದ್ದೆ. ಹಾಗಾಗಿ ಈಗ ನೀವು ನೋಡಲಿರುವ ನಾಟಕದಲ್ಲಿ ತಾಯಿ ಹಿಮದಲ್ಲಿ ಒಬ್ಬಳೇ ಠಾಣೆಗೆ ನಡೆದು ಹೋಗುತ್ತಾಳೆ. ಒಂದು ಮಾತಿಲ್ಲದೆ ಆರು ನಿಮಿಷ. ದೊಡ್ಡ ನಟಿ, ಮಹಾ ಚೆನ್ನಾಗಿ ಮಾಡಿದ್ದಾರೆ. ಚಿತ್ರೀಕರಣ ನೋಡಿ ನಾನೂ ಅತ್ತೆ. ಅಳುತ್ತಲೇ ಇದು ಸುಳ್ಳು ಎಂದು ನನಗೆ ಗೊತ್ತಿತ್ತು.

ದೊಡ್ಡಮ್ಮನಿಗೆ ಆ ದೃಶ್ಯದ ವಿಷಯ ಯಾರೂ ಹೇಳಿಲ್ಲ. ಮಗನ ಮೇಲೆ ನಾಟಕ ಮಾಡಿದ್ದಾರೆಂದಷ್ಟೇ ಹೇಳಿ ಕರೆತಂದಿದ್ದಾರೆ. ನಿಮಗೆ ಗೊತ್ತಲ್ಲ, ಅವರಿಗೆ ಕಿವಿ ಮಂದ, ಕಿವಿಗೆ ಬಾಯಿಟ್ಟು ಹೇಳಬೇಕು. ಬಾಗಿಲಲ್ಲಿ ನಾನ್ಜೋ ಅವರನ್ನು ನಿಲ್ಲಿಸಿ ಒಂದು ಮಾತು ಕೇಳಿದರು: "ಅದ್ರಲ್ಲಿ ನನ್ನ ಮಗ ಊಟ ಮಾಡ್ತಾನಾಪ್ಪಾ?" ನಾನ್ಜೋ ಅವರು ಬಗ್ಗಿ, "ಮಾಡ್ತಾರೆ ಅಜ್ಜಿ, ಎರಡು ಬಟ್ಟಲು ತಿಂತಾರೆ" ಎಂದು ಕೂಗಿ ಹೇಳಿದರು. ಅದನ್ನು ನೋಡಲು ಅವರು ಬಂದಿದ್ದಾರೆ. ಊಟ ಮುಗಿದ ಮೇಲೆ ಬರುವುದೇ ಆ ಆರು ನಿಮಿಷ.

ಕಿವಿ ಮಂದವೇ ಹೊರತು ಅವರ ಕಣ್ಣು ಇಂದಿಗೂ ಸೂಜಿಗೆ ದಾರ ಪೋಣಿಸುತ್ತದೆ. ಈಗ ಈ ಗಾಜಿನ ಚೌಕಟ್ಟಿನ ವಿಷಯ. ನಟಿಯರು ಹೊಲಿದ ಹೊಸ ಪಟ್ಟಿ ಕ್ಯಾಮರಾದಲ್ಲಿ ಹೊಸದಾಗಿಯೇ ಕಾಣುತ್ತಿತ್ತು. ಚಹಾದ ನೀರಿನಲ್ಲಿ ನೆನೆಸಿದರು, ಉಜ್ಜಿದರು, ಹಳತಾಗಲಿಲ್ಲ. ನಾನ್ಜೋ ಅವರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ನಾನು ಮನೆಗೆ ಹೋಗಿ, ಅಕ್ಕಿ ಪೆಟ್ಟಿಗೆಯ ತಳದಿಂದ ಒಂದು ಹಳೆಯ ಪಟ್ಟಿ ತಂದುಕೊಟ್ಟೆ. ಯಾರದು ಎಂದು ಅವರು ಕೇಳಲಿಲ್ಲ. ಇದು ತಮೋತ್ಸುದು. ಪರದೆಯ ಮೇಲೆ ಇದನ್ನು ಇಷ್ಟಗಲ ತೋರಿಸುತ್ತಾರೆ. ದೊಡ್ಡಮ್ಮ ತಮ್ಮದೇ ಕೈಬರಹ ನೋಡುತ್ತಾರೆ. ಯಾಕೆ ಕೊಟ್ಟೆ? ಯಾರಾದರೂ ನನ್ನನ್ನು ಹಿಡಿಯಲಿ ಎಂದಿರಬೇಕು. ಕೊಟ್ಟ ದಿನದಿಂದ ಹಿಡಿಯುತ್ತಾರೆಂಬ ಭಯದಲ್ಲಿ ನಿದ್ದೆ ಮಾಡಿಲ್ಲ.

ನಾನ್ಜೋ ಅವರೇ, ತಲೆ ತಗ್ಗಿಸಬೇಡಿ, ತಪ್ಪು ನಿಮ್ಮದಲ್ಲ. ಒಂದೇ ಬೇಡಿಕೆ. ನಾಳೆ ಸಂಜೆಯೊಳಗೆ ಆ ಆರು ನಿಮಿಷ ತೆಗೆದುಹಾಕಿ. ಬೇಕಾದರೆ ನನ್ನನ್ನು ನನ್ನ ಜಗಲಿಯ ಮೇಲೆ ಕೂರಿಸಿ ಚಿತ್ರ ತೆಗೆಯಿರಿ, ಆ ಹೆಸರನ್ನು ಮತ್ತೆ ಹೇಳುತ್ತೇನೆ. ಮಿಯಾಶಿತಾ ಅವರೇ, ಈ ಕೆಂಪು ಅಂಗಿಯನ್ನು ಬಿಚ್ಚಿ ಇಲ್ಲಿ ಇಡುತ್ತಿದ್ದೇನೆ. ನನಗೆ ಅರವತ್ತು ಹೋದ ವರ್ಷವೇ ಮುಗಿದಿದೆ.

ಸೆಕಿ ದೊಡ್ಡಮ್ಮ, ನೀವು ಕೇಳುತ್ತಲೇ ಇದ್ದಿರಿ. ಇಂದು ನಿಜ ಹೇಳುತ್ತೇನೆ. ಆ ಗಂಟು ಹಾಕಿಲ್ಲ. ಅಂದೂ ಹಾಕಲಿಲ್ಲ, ಇಂದಿಗೂ ಹಾಕಿಲ್ಲ. ಹಾಕುವ ಯೋಗ್ಯತೆ ನನಗೆ ಎಂದೂ ಇರಲಿಲ್ಲ. ನಿಮ್ಮ ಮಗನನ್ನು ಹಿಡಿದುಕೊಟ್ಟವಳು ನಾನು.

ಅಯ್ಯೋ. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಾರೆ, ತಲೆ ಆಡಿಸುತ್ತಿದ್ದಾರೆ. ನೀವೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದರೆ ಅವರೊಬ್ಬರೇ ಚಪ್ಪಾಳೆ ತಟ್ಟುತ್ತಿದ್ದಾರೆ. ನಾನು ಹೇಳಿದ್ದರಲ್ಲಿ ಒಂದು ಮಾತೂ ಅವರಿಗೆ ಕೇಳಿಸಿಲ್ಲ.

ನನಗೆ ಇದು ಮೊದಲೇ ಗೊತ್ತಿತ್ತೇ? ಗೊತ್ತಿತ್ತು. ಅದಕ್ಕೇ ಮೈಕಿನ ಮುಂದೆ ಬಂದೆ. ಮುನ್ನೂರು ಜನಕ್ಕೆ ಹೇಳಿಬಿಟ್ಟರೆ ಆ ಒಬ್ಬರಿಗೆ ಹೇಳುವುದು ತಪ್ಪೀತು ಎಂದುಕೊಂಡಿದ್ದೆ. ಹೆದರುಪುಕ್ಕಲಿಯ ಬುದ್ಧಿ ಅರವತ್ತೊಂದಕ್ಕೂ ಹೋಗುವುದಿಲ್ಲ ನೋಡಿ.

ಈಗ ನಾನು ಈ ಚೌಕಟ್ಟು ಹಿಡಿದು ಕೆಳಗಿಳಿಯುತ್ತೇನೆ. ಮೊದಲ ಸಾಲಿನವರೇ, ಅವರ ಪಕ್ಕದ ಕುರ್ಚಿ ಖಾಲಿ ಮಾಡಿಕೊಡಿ. ಅವರ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ನಿಧಾನವಾಗಬಹುದು. ನಾನು ಹೇಳಿ ಮುಗಿಸುವವರೆಗೆ ದಯವಿಟ್ಟು ಯಾರೂ ದೀಪ ಆರಿಸಬೇಡಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ನಮಸ್ಕಾರ.